ಲಾಕ್‌ಡೌನ್‌ನಲ್ಲಿ ಯಾವ ವಯಸ್ಸಿನವರು ಹೆಚ್ಚು ನೊಂದರು? ಜಿಎಚ್‌ಕ್ಯೂ-12 ಅಂಕಗಳನ್ನು ಓದುವ ಬಗೆ

ಕೋವಿಡ್‌ನಿಂದ ಜೀವಕ್ಕೆ ಅಪಾಯ ಜಾಸ್ತಿ ಇದ್ದದ್ದು ವಯಸ್ಸಾದವರಿಗೆ. ಆದರೆ ಬ್ರಿಟನ್ನಿನ ಮೊದಲ ಲಾಕ್‌ಡೌನ್‌ನಲ್ಲಿ ಮಾನಸಿಕ ಸಂಕಟ ಹೆಚ್ಚು ಏರಿದ್ದು 18ರಿಂದ 24 ವರ್ಷದವರಲ್ಲಿ. ಅಲ್ಲಿ ಒಂದೇ ಮನೆಗಳ ಜನರನ್ನು ವರ್ಷ ವರ್ಷವೂ ಪ್ರಶ್ನಿಸುವ ದೊಡ್ಡ ಸಮೀಕ್ಷೆ ಇದೆ. 2020ರ ಏಪ್ರಿಲ್‌ನಲ್ಲಿ ಅದರ 17,452 ಮಂದಿ ಮತ್ತೆ ಉತ್ತರಿಸಿದರು. ಅಳತೆಗೋಲು ಜಿಎಚ್‌ಕ್ಯೂ-12, ಅಂದರೆ 12 ಪ್ರಶ್ನೆಗಳ ಪಟ್ಟಿ: ನಿದ್ದೆ, ಗಮನ, ಆತ್ಮವಿಶ್ವಾಸ ಇತ್ಯಾದಿ.

ಫಲಿತಾಂಶ ಎರಡು ರೂಪದಲ್ಲಿದೆ. ಸರಾಸರಿ ಅಂಕ 2018-19ರಲ್ಲಿ 11.5 ಇದ್ದದ್ದು 12.6 ಆಯಿತು. ಗಂಭೀರ ಸಂಕಟದಲ್ಲಿರುವವರು ಶೇ 18.9ರಿಂದ ಶೇ 27.3ಕ್ಕೆ ಏರಿದರು. ಒಂದು ಪುಟ್ಟ ಏರಿಕೆ, ಇನ್ನೊಂದು ದೊಡ್ಡದು. ಪ್ರಶ್ನೆಪಟ್ಟಿ ಮಾತ್ರ ಒಂದೇ! ನಾನು ತುಂಬ ಹೊತ್ತು ಸಿಕ್ಕಿಕೊಂಡದ್ದು ಇಲ್ಲೇ, ಹಾಗಾಗಿ ನಿಧಾನವಾಗಿ ಬಿಡಿಸುತ್ತೇನೆ.

ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ. ಉದಾಹರಣೆಗೆ, ಚಿಂತೆಯಿಂದ ನಿದ್ದೆ ಕೆಟ್ಟಿದೆಯಾ? ಇಲ್ಲವೇ ಇಲ್ಲ, ಎಂದಿಗಿಂತ ಹೆಚ್ಚೇನಿಲ್ಲ, ಎಂದಿಗಿಂತ ಸ್ವಲ್ಪ ಹೆಚ್ಚು, ತುಂಬಾ ಹೆಚ್ಚು. ಮೊದಲ ವಿಧಾನದಲ್ಲಿ, ಅಂದರೆ ಸರಾಸರಿ ತೆಗೆಯುವಾಗ, ಇವಕ್ಕೆ 0, 1, 2, 3 ಅಂಕ, ಒಟ್ಟು 36. ಎರಡನೆಯದರಲ್ಲಿ 0, 0, 1, 1, ಒಟ್ಟು 12. ಇದರಲ್ಲಿ 4 ಅಥವಾ ಹೆಚ್ಚು ಬಂದವರನ್ನು ಗಂಭೀರ ಸಂಕಟದ ಗುಂಪಿಗೆ ಸೇರಿಸುತ್ತಾರೆ.

ಈಗ ಲೆಕ್ಕ ಹಾಕಿ. ಎಲ್ಲಕ್ಕೂ ‘ಎಂದಿನಂತೆ’ ಎಂಬ ಎರಡನೆಯ ಉತ್ತರ ಕೊಟ್ಟವರಿಗೆ ಮೊದಲ ವಿಧಾನದಲ್ಲಿ 12, ಎರಡನೆಯದರಲ್ಲಿ ಸೊನ್ನೆ. ಸರಾಸರಿ 12ರ ಆಸುಪಾಸಿನಲ್ಲೇ ಇರುವುದು ಯಾಕೆ ಅಂತ ಗೊತ್ತಾಯ್ತಲ್ವಾ? ಇನ್ನೊಬ್ಬರು ನಾಲ್ಕಕ್ಕೆ ‘ಸ್ವಲ್ಪ ಹೆಚ್ಚು’, ಉಳಿದ ಎಂಟಕ್ಕೆ ‘ಎಂದಿನಂತೆ’ ಅಂದರು: 8+8=16, ಎರಡನೆಯದರಲ್ಲಿ 4. ಗುಂಪಿಗೆ ಸೇರಿದರು. ಮತ್ತೊಬ್ಬರು ಮೂರಕ್ಕೆ ‘ತುಂಬಾ ಹೆಚ್ಚು’, ಒಂಬತ್ತಕ್ಕೆ ‘ಎಂದಿನಂತೆ’ ಅಂದರು: 9+9=18, ಎರಡನೆಯದರಲ್ಲಿ 3. ಅಂಕ ಜಾಸ್ತಿ ಇದ್ದರೂ ಇವರು ಗುಂಪಿನ ಹೊರಗೆ! ಗೆರೆಯ ಹತ್ತಿರ ಇದ್ದ ತುಂಬಾ ಜನ ಸ್ವಲ್ಪ ಸ್ವಲ್ಪ ಸರಿದರೂ ಸಾಕು, ಸರಾಸರಿ ಅಷ್ಟಾಗಿ ಕದಲದೆ ಶೇಕಡಾವಾರು ಜಿಗಿಯುತ್ತದೆ. ಗೆರೆ ದಾಟಿದರೆ ಕಾಯಿಲೆ ಇದೆ ಅಂತಲ್ಲ, ಅದನ್ನು ವೈದ್ಯರೇ ನೋಡಿ ಹೇಳಬೇಕು.

ಇನ್ನೊಂದು ಹೆಜ್ಜೆ. ಅಂಕಗಳು 2014ರಿಂದಲೇ ಮೇಲೇರುತ್ತಿದ್ದವು. ಆ ಏರಿಕೆಯನ್ನು ಕಳೆದರೆ ನಿರೀಕ್ಷೆಗಿಂತ ಹೆಚ್ಚಾದದ್ದು 0.48 ಮಾತ್ರ. 18ರಿಂದ 24 ವರ್ಷದವರಲ್ಲಿ 2.69, 25ರಿಂದ 34ರವರಲ್ಲಿ 1.57. ಇವೂ ಹಳೆಯ ಏರಿಕೆ ಕಳೆದ ಮೇಲಿನ ಅಂಕಗಳೇ. ಆದ್ದರಿಂದ ಇವನ್ನು 0.48ರ ಪಕ್ಕ ಇಟ್ಟು ನೋಡಿ, 1.1ರ (12.6-11.5) ಪಕ್ಕ ಅಲ್ಲ. ಅದೇ ಜನರ ಹಿಂದಿನ ಅಂಕಗಳ ಜೊತೆ ಹೋಲಿಸಿರುವುದರಿಂದ ‘ಹುಡುಗರು ಮೊದಲೇ ಹಾಗೆ’ ಅಂತ ಸುಮ್ನೆ ತಳ್ಳಿಹಾಕುವಂತಿಲ್ಲ. ಅವರ ನೋವು ನಿಜವಾಗಿಯೂ ಹೆಚ್ಚಾಯಿತು.

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ‘ವಯಸ್ಸೇ ಕಾರಣ’ ಎಂದು ಮಾತ್ರ ಬರೆಯಬೇಡಿ. ಆ ವಯಸ್ಸಿನ ಜೊತೆಗೇ ಮುಚ್ಚಿದ ಕಾಲೇಜು, ಹೋಟೆಲ್ ಮತ್ತು ಅಂಗಡಿಗಳ ನಿಂತ ಕೆಲಸ, ದೂರವಾದ ಗೆಳೆಯರು ಎಲ್ಲವೂ ಬರುತ್ತವೆ. ಏಪ್ರಿಲ್‌ನ ಒಂದು ಸುತ್ತಿನ ಉತ್ತರಗಳಿಂದ ಇವನ್ನು ಒಂದೊಂದಾಗಿ ಬೇರ್ಪಡಿಸಲು ಆಗುವುದಿಲ್ಲ.