ಫ್ರಾಂಕ್ಲಿನ್ ಮನೆ ಮೆಟ್ಟಿಲ ಮೇಲಿನ ಗಂಟೆಗಳು

ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅಂದ ತಕ್ಷಣ ಎಲ್ರೂ ಗಾಳಿಪಟದ ಕಥೆ ಶುರು ಮಾಡ್ತಾರೆ, ಸಿಡಿಲು ಪಟಕ್ಕೆ ಹೊಡೀತು, ದಾರದಲ್ಲಿ ಇಳಿದು ಬೀಗದ ಕೈಗೆ ಬಂತು ಅಂತ. ದಯವಿಟ್ಟು ಮಕ್ಕಳಿಗೆ ಹೀಗೆ ಹೇಳ್ಬೇಡಿ. ನಿಜವಾಗ್ಲೂ ಸಿಡಿಲು ಹೊಡೆದಿದ್ರೆ ಆತ ಬದುಕಿ ಉಳಿಯೋದು ಕಷ್ಟ ಇತ್ತು, 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಿಚ್‌ಮನ್ ಅನ್ನೋ ವಿಜ್ಞಾನಿ ಇಂಥದ್ದೇ ಪ್ರಯೋಗ ಮಾಡೋಕೆ ಹೋಗಿ ಪ್ರಾಣ ಕಳ್ಕೊಂಡ. 1752ರಲ್ಲಿ ಆ ಪಟಕ್ಕೆ ಸಿಕ್ಕಿದ್ದು ಮೋಡದ ಕೆಳಗಿನ ಚಾರ್ಜ್ (ಕೂಡಿಕೊಂಡ ವಿದ್ಯುತ್) ಮಾತ್ರ, ಬೆರಳು ಹತ್ರ ತಂದ್ರೆ ಚಟ್ ಅನ್ನೋವಷ್ಟು.

ಅದಕ್ಕಿಂತ ಎಷ್ಟೋ ಪಟ್ಟು ಸೊಗಸಾದ ಕಥೆ ಫಿಲಡೆಲ್ಫಿಯಾದ ಅವನ ಮನೆ ಒಳಗೇ ಇತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೂರಿನ ಮೇಲೆ ಕಬ್ಬಿಣದ ಸರಳು ನಿಲ್ಲಿಸಿ, ಅದರ ತಂತಿಯನ್ನ ಮೆಟ್ಟಿಲ ಪಕ್ಕದಲ್ಲೇ ಇಳಿಸಿ ನೆಲದೊಳಗೆ ಇಳಿದ ನೀರಿನ ಪಂಪಿನ ಕಬ್ಬಿಣಕ್ಕೆ ಸೇರಿಸಿದ. ಮಲಗೋ ಕೋಣೆ ಬಾಗಿಲ ಎದುರಿಗೆ ಮಾತ್ರ ತಂತಿಯನ್ನ ಕತ್ತರಿಸಿ, ಸುಮಾರು ಆರು ಇಂಚು ಜಾಗ ಬಿಟ್ಟು, ಎರಡು ತುದಿಗೂ ಒಂದೊಂದು ಪುಟ್ಟ ಗಂಟೆ ಕಟ್ಟಿ, ಮಧ್ಯೆ ರೇಷ್ಮೆ ದಾರದಲ್ಲಿ ಒಂದು ಹಿತ್ತಾಳೆ ಗುಂಡು ನೇತುಹಾಕಿದ.

ಈ ಗುಂಡಿನ ಕೆಲಸ ನೋಡಿ, ನನಗೆ ಇದನ್ನ ಎಷ್ಟು ಸಲ ಹೇಳಿದ್ರೂ ಸಾಕಾಗಲ್ಲ. ಮೋಡ ಮೇಲೆ ಬಂದಾಗ ಸರಳಿಗೆ ಸೇರಿದ ಗಂಟೆಗೆ ಚಾರ್ಜ್ ಬರುತ್ತೆ, ಅದು ಗುಂಡನ್ನ ಸೆಳೆಯುತ್ತೆ, ಗುಂಡು ಹೋಗಿ ಠಣ್ ಅಂತ ತಾಗುತ್ತೆ, ತಾಗಿದ ಕ್ಷಣ ಅದಕ್ಕೂ ಅದೇ ಜಾತಿಯ ಚಾರ್ಜ್ ಬಂದು ದೂರ ತಳ್ಳಿಸಿಕೊಳ್ಳುತ್ತೆ, ಹೋಗಿ ನೆಲಕ್ಕೆ ಸೇರಿದ ಗಂಟೆಗೆ ಬಡಿದು ಚಾರ್ಜ್ ಅಲ್ಲಿ ಇಳಿಸಿ ಮತ್ತೆ ವಾಪಸ್. ತುಂಬಿದ ಹಂಡೆಯಿಂದ ಖಾಲಿ ಹಂಡೆಗೆ ಚೊಂಬಲ್ಲಿ ನೀರು ಮೊಗೆದು ಹಾಕಿದ ಹಾಗೆ. ರೇಷ್ಮೆ ದಾರ ಯಾಕೆ ಅಂದ್ರೆ ಒಣಗಿದ ರೇಷ್ಮೆಯಲ್ಲಿ ವಿದ್ಯುತ್ ಹರಿಯಲ್ಲ, ಇಲ್ಲದಿದ್ರೆ ದಾರದಲ್ಲೇ ಸೋರಿಹೋಗ್ತಿತ್ತು.

ಒಂದು ರಾತ್ರಿ ಮೆಟ್ಟಿಲ ಕಡೆಯಿಂದ ಜೋರು ಚಟಚಟ ಸದ್ದು ಕೇಳಿ ಫ್ರಾಂಕ್ಲಿನ್‌ಗೆ ಎಚ್ಚರ ಆಗಿ ಬಾಗಿಲು ತೆಗೆದ್ರೆ, ಗುಂಡು ಎರಡೂ ಗಂಟೆಯಿಂದ ದೂರ ಸರಿದು ನಿಂತಿದೆ, ಗಂಟೆಯಿಂದ ಗಂಟೆಗೆ ಬೆರಳು ದಪ್ಪದ ಬಿಳಿ ಬೆಂಕಿ ಹರೀತಿದೆ! ಆ ಬೆಳಕಲ್ಲಿ ಕೆಳಗೆ ಬಿದ್ದ ಗುಂಡುಸೂಜಿ ಹೆಕ್ಕಬಹುದಿತ್ತು ಅಂತ ಅವನೇ ಬರ್ಕೊಂಡಿದ್ದಾನೆ. ಇಂಥ ಮನೇಲಿ ಹೆಂಡತಿ ಡೆಬೊರಾ ಸಂಸಾರ ಮಾಡ್ಬೇಕಿತ್ತು. ಗಂಡ ಲಂಡನ್‌ನಲ್ಲಿದ್ದಾಗ ಈ ಗಂಟೆಗಳು ಹೊಡ್ಕೊಂಡು ಆಕೆಗೆ ಭಯ, 1758ರ ಕಾಗದದಲ್ಲಿ ಆತ ಕೊಟ್ಟ ಉಪಾಯ ಏನಂದ್ರೆ ಎರಡೂ ಗಂಟೆಗೆ ಸೇರಿಸಿ ಒಂದು ತಂತಿ ಕಟ್ಟಿಬಿಡು, ಸದ್ದಿಲ್ಲದೆ ಇಳಿದುಹೋಗುತ್ತೆ. ಎರಡು ಹಂಡೆಗೆ ಪೈಪ್ ಹಾಕಿದ್ಮೇಲೆ ಚೊಂಬಿಗೆ ಏನು ಕೆಲಸ?

ಸಿಡಿಲಿಂದ ಮನೆ ಕಾಪಾಡೋಕೆ ಇಂಥ ಸರಳು ಹಾಕೋದನ್ನ ಹೊರಗಿನ ಲೋಕ ಸಲೀಸಾಗಿ ಒಪ್ಪಲಿಲ್ಲ. 1755ರ ನವೆಂಬರ್ 18ರ ಭೂಕಂಪದಲ್ಲಿ ಬಾಸ್ಟನ್‌ನ ನೂರಾರು ಚಿಮಣಿ ಹಾಳಾದವು, ಥಾಮಸ್ ಪ್ರಿನ್ಸ್ ಅನ್ನೋ ಪಾದ್ರಿ ಈ ಸರಳುಗಳು ಆಕಾಶದ ವಿದ್ಯುತ್ತನ್ನ ಭೂಮಿಗೆ ತುಂಬಿದ್ದಕ್ಕೇ ಹೀಗಾಗಿರಬಹುದು, ದೇವರ ಕೈಯಿಂದ ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ ಅಂತ ಬರೆದ. ಹಾರ್ವರ್ಡ್‌ನ ಪ್ರೊಫೆಸರ್ ಜಾನ್ ವಿಂತ್ರಾಪ್ ಅದಕ್ಕೆ ಸರಿಯಾಗೇ ಉತ್ತರ ಕೊಟ್ಟ. ನಮ್ಮಲ್ಲೂ ಗುಡುಗಿದ್ರೆ ಅರ್ಜುನನ ಹತ್ತು ಹೆಸರು ಹೇಳ್ತೀವಿ, ಹೇಳಲಿ, ಆದ್ರೆ "ಸರಳು ಹಾಕಿದ್ರೆ ಸಿಡಿಲನ್ನ ಮನೆಗೆ ಕರೆದ ಹಾಗೆ" ಅನ್ನೋ ಮಾತು ಕೇಳಿದಾಗ ಸಂಕಟ ಆಗುತ್ತೆ. ಕಿಲೋಮೀಟರ್‌ಗಟ್ಟಲೆ ಮೇಲಿರೋ ಮೋಡವನ್ನ ಆರೆಂಟು ಅಡಿ ಸರಳು ಎಲ್ಲಿಂದ ಎಳೀಬೇಕು? ಮಿಂಚು ತಾನಾಗೇ ಇಳಿದು ಬಂದು ಕೊನೆಯ ಹತ್ತಾರು ಮೀಟರ್‌ನಲ್ಲಿ ಜಾಗ ಹುಡುಕುತ್ತೆ, ಆಗ ಮರದ ತೊಲೆ ಸಿಗೋ ಬದಲು ಲೋಹದ ದಾರಿ ಸಿಗ್ಲಿ ಅನ್ನೋದಷ್ಟೇ ಲೆಕ್ಕ.

ಸರಳಿನ ಮೊನಚು ತುದಿ ಮೋಡದ ಚಾರ್ಜನ್ನ ಮೆಲ್ಲಗೆ ಹೀರಿ ಸಿಡಿಲೇ ಬೀಳದ ಹಾಗೆ ಮಾಡುತ್ತೆ ಅಂತ ಶುರುವಿನಲ್ಲಿ ಫ್ರಾಂಕ್ಲಿನ್‌ಗೂ ಆಸೆ ಇತ್ತು. ಆದ್ರೆ 1760ರಲ್ಲಿ ಫಿಲಡೆಲ್ಫಿಯಾದ ವೆಸ್ಟ್ ಅನ್ನೋ ವ್ಯಾಪಾರಿಯ ಸರಳು ಹಾಕಿದ್ದ ಮನೆಗೆ ಸಿಡಿಲು ಹೊಡೀತು, ಸರಳಿನ ತುದಿ ಕರಗಿತು, ಮನೆಗೆ ಏನೂ ಆಗಲಿಲ್ಲ. ಆದ್ರೆ ಸರಳಿನ ಬುಡದಿಂದ ಎರಡು ಮೂರು ಗಜದವರೆಗೆ ಒದ್ದೆ ಕಲ್ಲುಹಾಸಿನ ಮೇಲೆ ಬೆಂಕಿ ಹರಡಿದ್ದನ್ನ ಜನ ನೋಡಿದ್ರು, ಅಂದ್ರೆ ಕೆಳಗಿನ ಭಾಗ ಒದ್ದೆ ಮಣ್ಣಿಗೆ ಸರಿಯಾಗಿ ಇಳಿದಿರಲಿಲ್ಲ. ನಿಮ್ಮ ಬಿಲ್ಡಿಂಗ್ ಮೇಲೆ ಸರಳು ಇದ್ರೆ ಟೆರೇಸ್‌ಗೆ ಹೋಗಿ ತುದಿ ನೋಡೋದಕ್ಕಿಂತ ಮೊದಲು ಕೆಳಗಿಳಿದು ಅರ್ಥಿಂಗ್ ಪಟ್ಟಿ (ಸರಳಿಂದ ಮಣ್ಣಿಗೆ ಇಳಿಯೋ ಲೋಹದ ಪಟ್ಟಿ) ಎಲ್ಲಿ ಮುಗಿದಿದೆ ನೋಡಿ, ಪೇಂಟ್ ಮಾಡುವಾಗ ಯಾರಾದ್ರೂ ಕತ್ತರಿಸಿ ಹಾಕಿದ್ರೆ ಎಲೆಕ್ಟ್ರಿಷಿಯನ್‌ನ ಇವತ್ತೇ ಕರೆಸಿ.