ಬಡವರ ನಾಯಕನ ಮನೆಗೆ ರೈತರ ಮುತ್ತಿಗೆ

1962ರ ಜುಲೈ 27ರ ರಾತ್ರಿ, ಬೆಳಗಾಗುವುದರೊಳಗೆ, ನಾರ್ಮಂಡಿಯ ಓರ್ನ್ ಸೀಮೆಯ ಬಾನ್‌ಫ್ವಾ ಗ್ರಾಮದಲ್ಲಿ ಸುಮಾರು 700 ರೈತರು ಒಂದು ಮನೆಯನ್ನು ಸುತ್ತುವರಿದರು. ಮನೆಯೊಡೆಯ ತನ್ನ ಜಮೀನಿನಲ್ಲಿ ಎರಡು ತೋಟಗಳನ್ನು ಯುವ ರೈತರಿಗೆ ಗೇಣಿಗೆ ಕೊಡಬೇಕೆಂಬುದು ಅವರ ಪಟ್ಟು. ಆ ಒಡೆಯ ನಟ ಜಾಂ ಗಾಬ್ಯಾನ್. ಕಾಲು ಶತಮಾನದ ಹಿಂದೆ ಫ್ರಾನ್ಸಿನ ಕೂಲಿಕಾರರು ಬೆಳ್ಳಿತೆರೆಯ ಮೇಲೆ ತಮ್ಮವನೆಂದು ಗುರುತಿಸಿದ್ದ ಮುಖ ಅವನದು.

ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್ಸಿನಲ್ಲಿ. ಹೆಸರು ಜಾಂ ಅಲೆಕ್ಸಿ ಮೊಂಕೋರ್ಜೆ. ತಂದೆ ತಾಯಿ ಇಬ್ಬರೂ ಸಂಗೀತ ರಂಗಮಂದಿರಗಳ ಕಲಾವಿದರು. 'ಗಾಬ್ಯಾನ್' ತಂದೆಯ ರಂಗನಾಮ. ಹುಡುಗ ಬೆಳೆದದ್ದು ರಾಜಧಾನಿಯ ಉತ್ತರಕ್ಕೆ, ಹೊಲಗದ್ದೆಗಳ ನಡುವಿನ ಮೆರಿಯೆಲ್ ಎಂಬ ಹಳ್ಳಿಯಲ್ಲಿ. ಮನೆಯ ಬಳಿಯೇ ರೈಲು ಹಾದುಹೋಗುತ್ತಿತ್ತು. ರೈಲು ಚಾಲಕನಾಗುವ ಆಸೆ, ಹೊಲ ಮಾಡುವ ಆಸೆ ಎರಡೂ ಅಲ್ಲಿಂದಲೇ ಬಂದವು. ನಟನಾಗುವ ಆಸೆ ಮಾತ್ರ ಇರಲಿಲ್ಲ. ಕೂಲಿ ಕೆಲಸಗಳನ್ನು ಮಾಡಿಕೊಂಡಿದ್ದವನನ್ನು ತಂದೆಯೇ ಫೋಲಿ ಬರ್ಜೇರ್ ರಂಗಮಂದಿರಕ್ಕೆ ಎಳೆದೊಯ್ದು ಸೇರಿಸಿದ. ಅಲ್ಲಿ ಹಾಡಿ ಕುಣಿಯುತ್ತಿದ್ದವನಿಗೆ 1930ರಲ್ಲಿ ವಾಕ್ಚಿತ್ರ ಬಾಗಿಲು ತೆರೆಯಿತು.

1936ರಲ್ಲಿ ಫ್ರಾನ್ಸಿನಲ್ಲಿ ಎಡಪಕ್ಷಗಳ ಪಾಪ್ಯುಲರ್ ಫ್ರಂಟ್ ಸರ್ಕಾರ ಬಂತು. ಕಾರ್ಖಾನೆಗಳಲ್ಲಿ ಮುಷ್ಕರಗಳ ಅಲೆ ಎದ್ದಿತು, ಕಾರ್ಮಿಕರಿಗೆ ಮೊದಲ ಬಾರಿ ಸಂಬಳಸಹಿತ ರಜೆ ಸಿಕ್ಕಿತು. ಅದೇ ವರ್ಷ ಜೂಲಿಯನ್ ದುವಿವಿಯೇ ನಿರ್ದೇಶನದ 'ಲಾ ಬೆಲ್ ಎಕಿಪ್' ತೆರೆಕಂಡಿತು. ಲಾಟರಿ ಗೆದ್ದ ಐವರು ನಿರುದ್ಯೋಗಿಗಳು ಮಾರ್ನ್ ನದಿಯ ದಡದಲ್ಲಿ ಒಟ್ಟಾಗಿ ಒಂದು ಖಾನಾವಳಿ ಕಟ್ಟುವ ಕಥೆ ಅದು. ದುವಿವಿಯೇ ಕೊಟ್ಟ ಅಂತ್ಯದಲ್ಲಿ ಗೆಳೆತನ ಕೊಲೆಯಲ್ಲಿ ಮುಗಿಯುತ್ತಿತ್ತು. ನಿರ್ಮಾಪಕರು ಸುಖಾಂತ್ಯವನ್ನು ಅಂಟಿಸಿದರು. ಆ ಎರಡು ಅಂತ್ಯಗಳಲ್ಲಿ ಆಗಿನ ಫ್ರಾನ್ಸಿನ ಭರವಸೆಯೂ ಅಳುಕೂ ಕಾಣುತ್ತವೆ. ಮುಂದೆ 'ಲಾ ಗ್ರಾಂದ್ ಇಲ್ಯೂಸಿಯೋಂ', 'ಕೇ ದೆ ಬ್ರ್ಯೂಮ್', 'ಲ ಜೂರ್ ಸ ಲೇವ್' ಬಂದವು. ಯುದ್ಧಕೈದಿ, ಸೇನೆ ಬಿಟ್ಟೋಡಿದ ಸಿಪಾಯಿ, ಕೊಲೆ ಮಾಡಿ ಕೋಣೆಯೊಳಗೆ ಸಿಕ್ಕಿಬಿದ್ದ ಕಾರ್ಮಿಕ: ಗಾಬ್ಯಾನ್ ಕಡಿಮೆ ಮಾತಾಡಿ, ತಡೆದು ತಡೆದು, ಕೊನೆಗೊಮ್ಮೆ ಸಿಡಿಯುತ್ತಿದ್ದ. 1938ರ 'ಲಾ ಬೆತ್ ಯೂಮೆನ್' ಚಿತ್ರಕ್ಕಾಗಿ ಉಗಿಬಂಡಿ ನಡೆಸುವುದನ್ನೂ ಕಲಿತ. ಹಳೆಯ ಆಸೆಗಳಲ್ಲಿ ಒಂದು ಹಾಗೆ ತೀರಿತು.

ಜರ್ಮನ್ನರು ದೇಶವನ್ನು ಆಕ್ರಮಿಸಿದ ಮೇಲೆ, 1941ರಲ್ಲಿ ಆತ ಅಮೆರಿಕಕ್ಕೆ ಹೋದ. ಹಾಲಿವುಡ್ಡಿನಲ್ಲಿ ಮಾಡಿದ್ದು ಎರಡೇ ಚಿತ್ರ, ಎರಡೂ ಸಪ್ಪೆ. ನಟಿ ಮಾರ್ಲೀನ್ ಡೀಟ್ರಿಚ್ ಜೊತೆಗಿನ ಪ್ರೇಮದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ಬೇಡ. 1943ರಲ್ಲಿ ಜನರಲ್ ದ ಗಾಲ್ ನೇತೃತ್ವದ ಸ್ವತಂತ್ರ ಫ್ರೆಂಚ್ ನೌಕಾಪಡೆಗೆ ಸೇರಿದ. ಆಲ್ಜೀರಿಯಾಕ್ಕೆ ಹೊರಟ ತೈಲನೌಕೆಯ ಕಾವಲಿನಲ್ಲಿದ್ದಾಗ ದಾರಿಯಲ್ಲಿ ವಿಮಾನದಾಳಿ ನಡೆಯಿತು. ಆಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಜನರಲ್ ಲಕ್ಲೇರ್‌ನ ಫ್ರೆಂಚ್ ಟ್ಯಾಂಕ್ ದಳದಲ್ಲಿ ಕಮಾಂಡರ್ ಆಗಿ, ಜರ್ಮನಿಯಲ್ಲಿ ಹಿಟ್ಲರನ ಬೆಟ್ಟದ ಬೀಡಿದ್ದ ಬರ್ಕ್ಟೆಸ್‌ಗಾಡೆನ್‌ವರೆಗೆ ಸಾಗಿದ. 1976ರಲ್ಲಿ ತೀರಿಕೊಂಡಾಗ ಚಿತಾಭಸ್ಮವನ್ನು ನೌಕಾಪಡೆಯ ಹಡಗಿನಿಂದ ಬ್ರೆಸ್ಟ್ ಬಳಿ ಕಡಲಿಗೆ ಬಿಟ್ಟದ್ದು ಇದೇ ನಂಟಿನಿಂದ.

ಮರಳಿದಾಗ ಕೂದಲು ಬೆಳ್ಳಗಾಗಿತ್ತು, ಬೇಡಿಕೆಯೂ ಇಳಿದಿತ್ತು. 1954ರಲ್ಲಿ ಜಾಕ್ ಬೆಕೆರ್‌ನ 'ಟೂಶೆ ಪಾ ಓ ಗ್ರಿಸ್ಬಿ' ಬರುವ ತನಕ ಹಳೆಯ ಪಟ್ಟ ಸಿಗಲಿಲ್ಲ. ಸಿಕ್ಕಾಗ ಪಾತ್ರಗಳೇ ಬೇರೆಯಾಗಿದ್ದವು. ಈಗ ಆತ ದಣಿದ ದರೋಡೆಕೋರ, ಮೆಗ್ರೆ ಎಂಬ ಪೊಲೀಸ್ ಅಧಿಕಾರಿ, ಕುಟುಂಬದ ಯಜಮಾನ, ಮಾಜಿ ಪ್ರಧಾನಿ. ಸೂಟು ತೊಟ್ಟು ಆಜ್ಞೆ ಕೊಡುವವನು. ಸಿನಿಮಾದಲ್ಲಿ ಏರಿದ ಮೆಟ್ಟಿಲನ್ನೇ ಬದುಕಿನಲ್ಲೂ ಏರಿದ. ಗಳಿಸಿದ್ದನ್ನೆಲ್ಲ ಓರ್ನ್‌ನ ನೆಲದ ಮೇಲೆ ಹಾಕಿದ: ಲಾ ಪಿಶೋನ್ಯೇರ್ ಎಂಬ ಮನೆ, ನೂರಾರು ಎಕರೆ ಜಮೀನು, ಹಸುಗಳು, ಓಟದ ಕುದುರೆಗಳು. ಇದು ಸಿರಿವಂತನ ಶೋಕಿಯಾಗಿರಲಿಲ್ಲ. ನಟನೆಗಿಂತ ಬೇಸಾಯವನ್ನೇ ಆತ ನಿಜವಾದ ಕಸುಬೆಂದು ಬಗೆದಿದ್ದ. ಮುಂದಿನ ತಿಕ್ಕಾಟ ಕಹಿಯಾಗಲು ಕಾರಣವೂ ಅದೇ.

ಅತ್ತ ಫ್ರಾನ್ಸಿನ ಹಳ್ಳಿಗಳು ಕುದಿಯುತ್ತಿದ್ದವು. ಟ್ರ್ಯಾಕ್ಟರ್ ಬಂದಿತ್ತು, ಸಾಲ ಬಂದಿತ್ತು. ಸಣ್ಣ ಹಿಡುವಳಿ ಇಟ್ಟುಕೊಂಡು ಬದುಕುವುದು ಕಷ್ಟವಾಗಿತ್ತು. ಭೂಮಿ ಹುಡುಕುವ ಯುವ ರೈತರಿಗೆ ಪಟ್ಟಣದ ಹಣದೆದುರು ನಿಲ್ಲಲಾಗುತ್ತಿರಲಿಲ್ಲ. ಹಲವು ತೋಟಗಳನ್ನು ಒಟ್ಟುಗೂಡಿಸಿಕೊಳ್ಳುವವರನ್ನು 'ಕ್ಯುಮ್ಯುಲಾರ್' ಎಂದು ಹಳಿಯುತ್ತಿದ್ದರು. 1961ರ ಜೂನ್‌ನಲ್ಲಿ ಬ್ರಿಟನಿಯ ರೈತರು ಮೋರ್ಲೆ ಪಟ್ಟಣದ ಸರ್ಕಾರಿ ಕಚೇರಿಯನ್ನೇ ವಶಪಡಿಸಿಕೊಂಡಿದ್ದರು. ರೈತ ಸಂಘಟನೆಗಳಿಗೆ ಪತ್ರಿಕೆಗಳ ಮುಖಪುಟಕ್ಕೆ ಹೋಗುವ ಒಂದು ಹೆಸರು ಬೇಕಿತ್ತು. ಓರ್ನ್‌ನಲ್ಲಿ ಗಾಬ್ಯಾನ್‌ಗಿಂತ ದೊಡ್ಡ ಹೆಸರು ಎಲ್ಲಿತ್ತು? ಅವನಿಗಿಂತ ಹೆಚ್ಚು ನೆಲ ಹಿಡಿದಿದ್ದ, ಯಾರಿಗೂ ಗೊತ್ತಿಲ್ಲದ ಒಡೆಯರ ಬಾಗಿಲಿಗೆ ಅಷ್ಟು ಜನ ಹೋಗಿದ್ದರೂ ದೇಶ ತಿರುಗಿ ನೋಡುತ್ತಿರಲಿಲ್ಲ. ರೈತರ ಅಹವಾಲು ನ್ಯಾಯವಾದುದೇ. ಆರಿಸಿಕೊಂಡ ಗುರಿಯಲ್ಲಿ ಮಾತ್ರ ಲೆಕ್ಕಾಚಾರವಿತ್ತು.

ಗಾಬ್ಯಾನ್ ಪೊಲೀಸರಿಗೆ ದೂರು ಕೊಟ್ಟು, ಆಮೇಲೆ ಹಿಂತೆಗೆದುಕೊಂಡ. ತನ್ನನ್ನು ರೈತನೆಂದು ರೈತರೇ ಒಪ್ಪಲಿಲ್ಲವೆಂಬ ನೋವು ಉಳಿಯಿತು. ಕೃಷಿ ಸಚಿವ ಎಡ್ಗಾರ್ ಪಿಸಾನಿ ರೂಪಿಸಿದ, 1960ರ ಕೃಷಿ ಕಾನೂನಿಗೆ ಪೂರಕವಾದ ಕಾನೂನು ಅದೇ ಆಗಸ್ಟ್ 8ರಂದು ಜಾರಿಗೆ ಬಂತು. ಜಮೀನು ಒಟ್ಟುಗೂಡಿಸುವುದಕ್ಕೆ ಅದು ಕಡಿವಾಣ ಹಾಕಿತು. 1960ರಲ್ಲಿ ಕಲ್ಪಿಸಿದ್ದ ಪ್ರಾದೇಶಿಕ ಭೂಸಂಸ್ಥೆಗಳಿಗೆ, ಮಾರಾಟಕ್ಕೆ ಬಂದ ಕೃಷಿಭೂಮಿಯನ್ನು ಮೊದಲು ಕೊಳ್ಳುವ ಹಕ್ಕನ್ನು ಕೊಟ್ಟಿತು. ಮುತ್ತಿಗೆಯಿಂದಲೇ ಈ ಕಾನೂನು ಹುಟ್ಟಿತೆನ್ನುವುದು ಸರಿಯಲ್ಲ, ಅಷ್ಟು ಬೇಗ ಕಾನೂನು ಬರೆಯಲಾಗುವುದಿಲ್ಲ. ಮುತ್ತಿಗೆಯ ಬೆನ್ನಲ್ಲೇ ಗಾಬ್ಯಾನ್ ಜಮೀನು ಬಿಟ್ಟು ಹೋಗಲಿಲ್ಲ. ಹತ್ತಿರದ ಮೂಲ್ಯಾನ್-ಲಾ-ಮಾರ್ಶ್‌ನಲ್ಲಿ ಆತ ಕಟ್ಟಿಸಿದ ಕುದುರೆ ಓಟದ ಮೈದಾನಕ್ಕೆ ಅವನದೇ ಹೆಸರಿದೆ.