ಹೊಸ ಪ್ಯಾಡ್ ಹಾಕಿದ ಮೇಲೆ ಬ್ರೇಕ್ ಯಾಕೆ ಕೂಗುತ್ತದೆ?

ಕಾರಿನ ಮುಂದಿನ ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಟೆ. ಮೊದಲ ಸಿಗ್ನಲ್‌ನಲ್ಲೇ ಕೀಂಯ್ ಅಂತ ಎಂಥಾ ಸದ್ದು ಅಂದರೆ, ಪಕ್ಕದ ಆಟೋದವರು ತಿರುಗಿ ನೋಡಿದರು. ಸವೆದು ಹೋಗಿದ್ದ ಹಳೇ ಪ್ಯಾಡ್ ಒಂದು ದಿನವೂ ಕೂಗಿರಲಿಲ್ಲ. ಫೋನ್ ಮಾಡಿದರೆ ಮೆಕ್ಯಾನಿಕ್, "ಹೊಸದಲ್ವಾ ಸಾರ್, ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ" ಅಂದರು. ಅದು ಅರ್ಧ ನಿಜ.

ದೇವಸ್ಥಾನದ ಜಾಗಟೆ ನೆನಪಿಸಿಕೊಳ್ಳಿ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಕೂಡ ಅಂಥದ್ದೇ ದುಂಡನೆಯ ಲೋಹದ ತಟ್ಟೆ, ಎರಕದ ಕಬ್ಬಿಣದ್ದು. ಪ್ಯಾಡ್ ಅದರ ಮೇಲೆ ನುಣ್ಣಗೆ ಜಾರುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೇ. ಇದರ ಜೊತೆಗೆ ಪ್ಯಾಡ್, ಅದನ್ನು ಡಿಸ್ಕಿಗೆ ಒತ್ತುವ ಹಿಡಿಕೆಯಾದ ಕ್ಯಾಲಿಪರ್, ಡಿಸ್ಕ್ ಮೂರೂ ಒಂದರ ನಡುಕಕ್ಕೆ ಇನ್ನೊಂದು ತಾಳ ಹಾಕಿದರೆ ಮುಗೀತು. ನಮ್ಮ ಕಿವಿ 2,000ದಿಂದ 5,000 ಹರ್ಟ್ಸ್ ಸದ್ದಿಗೆ ತುಂಬಾ ಚುರುಕು, ಬ್ರೇಕಿನ ಕೂಗು ಎಷ್ಟೋ ಸಲ ಅಲ್ಲೇ ಬರುವುದರಿಂದ ಚಿಕ್ಕ ನಡುಕವೂ ತಲೆ ತಿನ್ನುತ್ತದೆ.

ಈ ಕಾಟ ಡಿಸ್ಕ್ ಬ್ರೇಕಿನಷ್ಟೇ ಹಳೆಯದು. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ ಪೇಟೆಂಟ್ ಪಡೆದಾಗ ಲೋಹಕ್ಕೆ ಲೋಹವೇ ಉಜ್ಜುತ್ತಿತ್ತು. ಸದ್ದು ಹೇಗಿದ್ದಿರಬೇಡ! ಆಮೇಲೆ ಕಲ್ನಾರಿನ (ಆಸ್ಬೆಸ್ಟಾಸ್) ಪ್ಯಾಡ್ ಬಂತು, ಅದರ ಧೂಳು ಶ್ವಾಸಕೋಶಕ್ಕೆ ವಿಷ ಅಂತ ಗೊತ್ತಾದ ಮೇಲೆ ಎಷ್ಟೋ ದೇಶಗಳಲ್ಲಿ ಅದನ್ನು ಕೈಬಿಟ್ಟರು. ಈಗಿನ ಪ್ಯಾಡ್‌ಗಳ ಧೂಳನ್ನೂ ಬಾಯಿಂದ ಊದಬೇಡಿ.

ಹಳೇ ಪ್ಯಾಡ್ ಯಾಕೆ ಸುಮ್ಮನಿತ್ತು? ಅದೂ ಡಿಸ್ಕೂ ಸಾವಿರಾರು ಕಿಲೋಮೀಟರ್ ಉಜ್ಜಿಕೊಂಡು ಒಂದಕ್ಕೊಂದು ಹೊಂದಿಕೊಂಡಿದ್ದವು, ಪ್ಯಾಡಿನದೇ ತೆಳುವಾದ ಪದರ ಡಿಸ್ಕಿನ ಮೇಲೆ ಕೂತಿತ್ತು. ಹೊಸದು ಚಪ್ಪಟೆ, ಡಿಸ್ಕೋ ಗೀರುಗೀರು. ಹಾಗಾಗಿ ಅಲ್ಲಲ್ಲಿ ಮಾತ್ರ ತಾಗುತ್ತದೆ. ಎರಡೂ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಗಂಟೆಗೆ 60 ಕಿ.ಮೀ. ವೇಗದಿಂದ 10ರವರೆಗೆ ಒಂದು ಎಂಟು-ಹತ್ತು ಸಲ ಇಳಿಸಿದೆ. ಪೂರ್ತಿ ನಿಲ್ಲಿಸಲಿಲ್ಲ, ಯಾಕೆಂದರೆ ಬಿಸಿ ಪ್ಯಾಡ್ ನಿಂತಲ್ಲೇ ಡಿಸ್ಕಿಗೆ ಅಚ್ಚು ಒತ್ತುತ್ತದೆ. ಆಮೇಲೆ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ತಣಿಸಿದೆ. (ಪ್ಯಾಡಿನ ಡಬ್ಬಿಯ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನೇ ಪಾಲಿಸಿ.)

ಕೂಗು ಕಡಿಮೆಯಾಯ್ತು, ಹೋಗಲಿಲ್ಲ. ನಿಧಾನಕ್ಕೆ ಹೋಗುತ್ತಾ ಹಗುರವಾಗಿ ಒತ್ತಿದಾಗ ಎಡಗಡೆ ಮಾತ್ರ ಕೀಂಯ್.

ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿದಾಗ ಗುಟ್ಟು ಸಿಕ್ಕಿತು. ಪ್ಯಾಡಿನ ಬೆನ್ನಿಗೆ ಇರಬೇಕಾದ ಶಿಮ್ ಇರಲೇ ಇಲ್ಲ, ಬಹುಶಃ ಹಳೇ ಪ್ಯಾಡಿನ ಜೊತೆ ಕಸಕ್ಕೆ ಹೋಗಿತ್ತು. ಶಿಮ್ ಅಂದರೆ ರಬ್ಬರ್ ಪದರ ಇರುವ ತೆಳು ತಗಡು. ಮೊಳಗುವ ಜಾಗಟೆಗೆ ಅಂಗೈ ಒತ್ತಿದರೆ ಸದ್ದು ಅಡಗುತ್ತದಲ್ವಾ, ಅದು ಮಾಡುವುದೂ ಅದೇ ಕೆಲಸ. ಕ್ಯಾಲಿಪರ್ ಜಾರುವ ಪಿನ್ ಕೂಡ ಒಣಗಿತ್ತು. ಹೊಸ ಶಿಮ್ ಹಾಕಿ, ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದೆ. ಗ್ರೀಸ್ ಪ್ಯಾಡಿನ ಮುಖಕ್ಕೋ ಡಿಸ್ಕಿಗೋ ತಾಗಿದರೆ ಬ್ರೇಕೇ ಹಿಡಿಯುವುದಿಲ್ಲ, ಹುಷಾರು.

ನಿಮ್ಮ ಕಾರು ಕೂಗಿದರೆ, ಯಾವಾಗ ಅಂತ ಮೊದಲು ಗಮನಿಸಿ. ಬ್ರೇಕ್ ಒತ್ತದಿದ್ದಾಗಲೂ ಸದ್ದು ಬರುತ್ತಿದ್ದರೆ, ಪ್ಯಾಡ್ ಸವೆದಾಗ ಕೂಗಿ ಎಚ್ಚರಿಸುವ ಪುಟ್ಟ ತಗಡನ್ನು ಸೊಟ್ಟ ಕೂರಿಸಿರಬಹುದು. ಸದ್ದಿನ ಜೊತೆ ಒಂದೇ ಚಕ್ರ ಜಾಸ್ತಿ ಬಿಸಿಯಾಗುತ್ತಿದ್ದರೆ ಕ್ಯಾಲಿಪರ್ ಕಚ್ಚಿಕೊಂಡಿರಬಹುದು. ಕರಕರ ಅಂದರೆ ಗಾಡಿ ನಿಲ್ಲಿಸಿ, ಅದು ಲೋಹಕ್ಕೆ ಲೋಹ ತಿನ್ನುತ್ತಿರಬಹುದು. ಗೀರು ಬಿದ್ದ ಡಿಸ್ಕನ್ನು ಲೇತ್‌ನಲ್ಲಿ ಉಜ್ಜಿಸುವ ಮುಂಚೆ ಅದರ ಮೇಲೆ ಕೆತ್ತಿರುವ ಕನಿಷ್ಠ ದಪ್ಪ ಓದಿ, ಅದಕ್ಕಿಂತ ತೆಳುವಾಗುವಂತಿದ್ದರೆ ಹೊಸದೇ ಹಾಕಿಸಿ.

ನನ್ನ ಎಡಚಕ್ರ ಈಗ ಸುಮ್ಮನಿದೆ. ಮಳೆ ಬಂದ ಮಾರನೇ ಬೆಳಗ್ಗೆ ಮೊದಲ ಎರಡು ಸಲ ಒತ್ತಿದಾಗ ಮಾತ್ರ ಎರಡೂ ಕಡೆ ಸ್ವಲ್ಪ ಗೊಣಗುತ್ತವೆ. ಅದು ರಾತ್ರಿ ಹಿಡಿದ ತುಕ್ಕು, ಬೀದಿ ಕೊನೆ ಮುಟ್ಟುವಷ್ಟರಲ್ಲಿ ಉಜ್ಜಿಹೋಗುತ್ತದೆ.